ಕ್ಲಾಪರ್ ಬಡಿಯುವ ಮೊದಲೇ

ಬೀದರ ಜಿಲ್ಲೆಯಲ್ಲಿ ಓಟದ ಗೆರೆಯ ಮೇಲೆ ನಿಂತ ಯಾವ ಮಗುವೂ ಉತ್ತಮ ಮಾಸ್ತರರ ಕಣ್ಣು ತಪ್ಪಿಸಿ ಅರ್ಧ ಹೆಜ್ಜೆ ಮುಂದೆ ಜಾರಿದ್ದಿಲ್ಲ. ಭಾಲ್ಕಿಯ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಕರು, ಜನರ ಬಾಯಲ್ಲಿ ಡ್ರಿಲ್ ಮಾಸ್ತರ. ಜಿಲ್ಲೆಯ ಕ್ರೀಡಾಕೂಟ ಎಲ್ಲಿಯೇ ನಡೆಯಲಿ, ಓಟ ಬಿಡುವವರು ಅವರೇ. ಸಿನಿಮಾದಲ್ಲಿ ತೋರಿಸುವ ಹಾಗೆ ಪಿಸ್ತೂಲು ಹಾರಿಸುವುದೆಲ್ಲ ನಮ್ಮ ಕಡೆ ಇಲ್ಲ. ಬಿಜಾಗರಿಯಿಂದ ಜೋಡಿಸಿದ ಎರಡು ಕಟ್ಟಿಗೆಯ ಪಟ್ಟಿ, ಅದಕ್ಕೆ ಕ್ಲಾಪರ್ ಅನ್ನುತ್ತಾರೆ. ಟಪ್ ಎಂದು ಬಡಿದರೆ ಓಟ ಶುರು. ಆ ಟಪ್ ಕೇಳುವ ಮೊದಲೇ ಯಾರದಾದರೂ ಮೀನಖಂಡ ನಡುಗಿದರೂ ಸಾಕು, ಮಾಸ್ತರರು ಕೈ ಮೇಲೆತ್ತಿ ಎಲ್ಲರನ್ನೂ ಗೆರೆಗೆ ವಾಪಸ್ ಕರೆಯುತ್ತಿದ್ದರು. ಎರಡನೇ ಸಲ ತಪ್ಪು ಮಾಡಿದವನು ತನ್ನ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗಬೇಕಿತ್ತು. ಶಾಸಕರ ಕಡೆಯವರ ಮಗನಾದರೂ ಸರಿಯೇ, ದಯೆ ದಾಕ್ಷಿಣ್ಯ ಇರಲಿಲ್ಲ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಓಟದ ಮೈದಾನದಿಂದ ಹೊರಗೆ ಕಾಲಿಟ್ಟರೆ ಏನಾಗುತ್ತಿತ್ತು ಅನ್ನುವುದನ್ನು ಮಾತ್ರ ಕೇಳಬೇಡಿ. ಅಥವಾ ಕೇಳಿ, ಅದನ್ನು ಹೇಳಲಿಕ್ಕೇ ಅಲ್ಲವೇ ಕೂತಿದ್ದು.

ಬೀದರಿನ ನೌಬಾದ ಓಣಿಯ ಅವರ ಮನೆಯಿಂದ ಭಾಲ್ಕಿಯ ಬಸ್ಸು ಹಿಡಿಯಲು ಅವರು ಎಷ್ಟು ಮುಂಚೆ ಬಂದು ನಿಲ್ಲುತ್ತಿದ್ದರೆಂದರೆ, ಅದಕ್ಕಿಂತ ಹಿಂದಿನ ಬಸ್ಸು ಅವರ ಎದುರಿಗೇ ಬಂದು ಹೋಗುತ್ತಿತ್ತು. ಅದನ್ನು ಹತ್ತುತ್ತಿರಲಿಲ್ಲ, ತನ್ನದು ಮುಂದಿನದು ಎಂದು. ಮದುವೆಗೆ ಹೋದರೆ ವಧುವರರು ಮಾಲೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಇವರು ಕೈ ತೊಳೆದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಿರುತ್ತಿದ್ದರು. ಮಗಳು ವಿಶಾಖಾ ನರ್ಸಿಂಗ್ ಮೊದಲ ವರ್ಷದ ಪರೀಕ್ಷೆ ಬರೆದು ಮನೆಗೆ ಬಂದ ದಿನವೇ ಓಣಿಗೆಲ್ಲ ಪೇಡೆ ಹಂಚಿದ್ದರು. ಫಲಿತಾಂಶ ಬರಲಿಕ್ಕೆ ಇನ್ನೂ ಮಳೆಗಾಲ ಮುಗಿಯಬೇಕಿತ್ತು. ಆಕೆ ಪಾಸಾದಳು ಅನ್ನಿ. ಅದೇ ತಪ್ಪಾಯಿತು. ಮೊದಲೇ ಓಡಿದ ಸಲವೆಲ್ಲ ಹೇಗೋ ಗೆದ್ದುಬಿಟ್ಟರೆ ಮನುಷ್ಯ ಎಲ್ಲಿಂದ ಸುಧಾರಿಸಬೇಕು?

ಗೋರಖನಾಥ ಅವರ ಕಥೆಯನ್ನಂತೂ ಭಾಲ್ಕಿಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಗೋರಖನಾಥ ನಿವೃತ್ತ ಹೆಡ್ ಮಾಸ್ತರರು. ಅವರಿಗೆ ತೀರಾ ಹುಷಾರಿಲ್ಲ ಎಂದು ಒಂದು ಬೆಳಿಗ್ಗೆ ಯಾರೋ ಅಂದರು. ಉತ್ತಮ ಮಾಸ್ತರರು ಕೇಳಿದ್ದಷ್ಟೇ, ಮುಖ ಸಣ್ಣಗೆ ಮಾಡಿಕೊಂಡು, ಸೇವಂತಿಗೆಯ ದೊಡ್ಡ ಹಾರ ಹಿಡಿದು ಅವರ ಬಾಗಿಲು ತಟ್ಟಿದರು. ಬಾಗಿಲು ತೆರೆದವರು ಗೋರಖನಾಥ ಅವರೇ, ಕೈಯಲ್ಲಿ ಗಂಜಿಯ ಬಟ್ಟಲು. ಹಾರ ನೋಡಿದರು, ಮಾಸ್ತರರನ್ನು ನೋಡಿದರು. ನಮ್ಮ ಮಾಸ್ತರರು ಒಂದು ಗಳಿಗೆ ತಡಬಡಿಸಿ, ನಿಮ್ಮ ಹುಟ್ಟುಹಬ್ಬಕ್ಕೆ ತಂದೆನ್ರಿ ಸರ್ ಅಂದುಬಿಟ್ಟರು. ಹುಟ್ಟುಹಬ್ಬಕ್ಕೆ ಇನ್ನೂ ಅರ್ಧ ವರ್ಷ ಇತ್ತು. ಗೋರಖನಾಥ ಕೊರಳು ಬಗ್ಗಿಸಿ ಹಾರ ಹಾಕಿಸಿಕೊಂಡು, ಉಳಿದ ಗಂಜಿಯನ್ನು ಅದೇ ಹಾರದಲ್ಲಿಯೇ ಕೂತು ಕುಡಿದರಂತೆ.

ಇಂಥ ಮಾಸ್ತರರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳನ್ನು ತಾವೇ ಜಡೆ ಹಾಕಿ, ಡಬ್ಬಿ ಕಟ್ಟಿ ಬೆಳೆಸಿದ್ದರು. ಎರಡನೇ ಮದುವೆಯ ಮಾತು ಬಂದರೆ, ಅದೊಂದು ವಿಷಯದಲ್ಲಿ ಮಾತ್ರ, ಅವಸರವಿಲ್ಲ ಅನ್ನುತ್ತಿದ್ದರು. ಪೂನಮ ಟೀಚರ್ ಸಿಗುವವರೆಗೆ ಅದು ನಿಜವೂ ಆಗಿತ್ತು.

ಪೂನಮ ಟೀಚರ್ ಔರಾದಿನ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ, ತಾಯಿ ಕೇಶರಬಾಯಿಯ ಜೊತೆ ಅಲ್ಲಿಯೇ ಮನೆ. ಹೋದ ವರ್ಷ ಎಲ್ಲ ವಿಷಯದ ಶಿಕ್ಷಕರಿಗೂ ಇಂಗ್ಲಿಷ್ ತರಬೇತಿ ಎಂದು ಬೀದರಿನಲ್ಲಿ ಒಂದು ಶಿಬಿರ ಮಾಡಿದರು. ಕಲಿಸಲು ಬಂದವರು ಇವರು. ಡ್ರಿಲ್ ಮಾಸ್ತರಿಗೆ ಇಂಗ್ಲಿಷ್ ಯಾತಕ್ಕೆ ಎಂದು ಗೊಣಗುತ್ತಲೇ ಉತ್ತಮ ಮಾಸ್ತರರು ಹೋದರು. ಎಲ್ಲರಿಗಿಂತ ಮೊದಲೇ ಹೋಗಿ, ಬೀಗ ತೆಗೆಯುವವನು ಬರುವ ತನಕ ಮೆಟ್ಟಿಲ ಮೇಲೆ ಕೂತರು.

ಅಂದು ಟೀಚರ್ ಬೋರ್ಡಿನ ಮೇಲೆ ಬರೆದದ್ದು ‘ಜಂಪ್ ದ ಗನ್’ ಅನ್ನುವ ಮಾತು. ಇದನ್ನು ಇಟ್ಟು ಒಂದು ವಾಕ್ಯ ಬರೆಯಿರಿ ಅಂದರು. ಗಣಿತದ ಮಾಸ್ತರರೊಬ್ಬರು ಚಿರತೆ ಜಂಪ್ ದ ಗನ್ ಮಾಡುತ್ತ ಜಿಂಕೆಯನ್ನು ಹಿಡಿಯಿತು ಎಂದು ಬರೆದರು. ಇನ್ನೊಬ್ಬರು ಗಡಿಯಲ್ಲಿನ ಯೋಧನ ಶೌರ್ಯಕ್ಕೆ ಬಳಸಿದರು. ಟೀಚರ್ ನಗಲಿಲ್ಲ. ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ, ಧೈರ್ಯಕ್ಕೂ ಇಲ್ಲ ಎಂದು ಸಾವಕಾಶ ತಿಳಿಸಿದರು. ಆಗ ಹಿಂದಿನ ಬೆಂಚಿನಿಂದ ಉತ್ತಮ ಮಾಸ್ತರರು ಎದ್ದು ನಿಂತು, ಇದು ನಮ್ಮ ಮೈದಾನದ ಮಾತು, ನಾ ಹೇಳಲೇನ್ರಿ ಅಂದರು.

ಹೇಳಿಯೂಬಿಟ್ಟರು, ಪಿಸ್ತೂಲು ಹಾರುವ ಮೊದಲೇ ಓಡಿಬಿಡುವುದು ಎಂದು. ಗೆರೆಯ ಮೇಲೆ ನಿಂತ ಹುಡುಗನಿಗೆ ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಬೆರಳು ನೆಲ ಬಿಡುತ್ತದೆ, ಅವನಿಗೇ ಗೊತ್ತಾಗದ ಹಾಗೆ ಮೈ ಮುಂದೆ ವಾಲುತ್ತದೆ. ಅವನು ಕಳ್ಳನಲ್ಲ. ಟಪ್ ಅನ್ನುವುದು ಅವನ ತಲೆಯೊಳಗೆ ಮೊದಲೇ ಕೇಳಿಸಿಬಿಟ್ಟಿರುತ್ತದೆ, ಅಷ್ಟೇ. ಇಷ್ಟು ಹೇಳಿ ಕೂತಾಗ ಟೀಚರ್ ಕೈಯಲ್ಲಿನ ಸೀಮೆಸುಣ್ಣ ಹಾಗೆಯೇ ಇತ್ತು.

“ಭಾಳ ಛಂದ ಹೇಳಿದ್ರಿ ಮಾಸ್ತರ,” ಅಂದರು. “ಬೇಗ ಓಡೋದು ತಪ್ಪಲ್ಲ. ಸಿಗ್ನಲ್ ಕೊಡಾವ್ರು ಒಬ್ಬರು ಇರ್ತಾರ, ಅವರಿನ್ನೂ ಕೊಟ್ಟಿಲ್ಲ, ಇವರು ಹೊಂಟುಬಿಟ್ರು. ಬರಿಯಾಗ ಆ ಇಬ್ಬರೂ ನೆನಪಿರಬೇಕು.”

ಮಾಸ್ತರರು ಬರೆದ ವಾಕ್ಯ ಸಹಜವಾಗಿಯೇ ಓಟದ್ದಾಗಿತ್ತು. ಟೀಚರ್ ಅದಕ್ಕೆ ಸರಿ ಎಂದು ಗುರುತು ಹಾಕಿ, ಇದು ಮೈದಾನದ್ದೇ ಆಯಿತು, ಜೀವನದಲ್ಲಿಂದ ಒಂದು ಬರೆದು ಕೊಡಿ ಅಂದರು. ಮಾಸ್ತರರು ಬಹಳ ಹೊತ್ತು ಪೆನ್ನು ಕಚ್ಚಿ ಯೋಚಿಸಿ, ನನ್ನ ಜೀವನದಾಗ ಅಂಥಾದ್ದು ಒಂದೂ ನೆನಪಾಗವಲ್ದು ಎಂದು ತಲೆ ಕೆರೆದುಕೊಂಡರು. ಭಾಲ್ಕಿಯಿಂದ ಬಂದ ಇಡೀ ಸಾಲಿನ ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿ ಕೆಮ್ಮತೊಡಗಿದರು.

ಆ ಬಾಕಿ ಉಳಿದ ವಾಕ್ಯವೇ ನೆಪವಾಯಿತು. ಇವರು ಫೋನ್ ಮಾಡಿ, ವಾಕ್ಯ ಇನ್ನೂ ಸಿಕ್ಕಿಲ್ಲ ಅನ್ನುವರು. ಅವರು, ಅವಸರಿಲ್ಲ, ಹುಡುಕ್ರಿ ಅನ್ನುವರು. ಹೀಗೆ ಸಿಗದ ವಾಕ್ಯದ ಬಗ್ಗೆ ಇಬ್ಬರೂ ಎಷ್ಟು ಮಾತಾಡಿದರೆಂದರೆ, ಅಷ್ಟರಲ್ಲಿ ಒಂದು ಪುಸ್ತಕವನ್ನೇ ಬರೆಯಬಹುದಿತ್ತು. ಮಾಸ್ತರರಿಗೆ ಔರಾದಿನಲ್ಲಿ ಇದ್ದಕ್ಕಿದ್ದಂತೆ ಕ್ರೀಡೆಯ ಕೆಲಸಗಳು ಹೆಚ್ಚಾದವು. ಔರಾದಿಗೆ ಹೋಗುವ ದಿನ ಅಪ್ಪ ಎರಡು ಸಲ ಗಡ್ಡ ಹೆರೆಯುತ್ತಾರೆ ಎಂದು ಮೊದಲು ಕಂಡುಹಿಡಿದವಳು ವಿಶಾಖಾ. ಆಕೆಗೆ ಒಳಗೊಳಗೇ ಖುಷಿಯಾಗಿತ್ತು. ಮೇಲೆ ಮಾತ್ರ, ಔರಾದಿನ ಮೈದಾನಕ್ಕೆ ಅತ್ತರು ಹಚ್ಚಿಕೊಂಡು ಹೋಗುವ ಡ್ರಿಲ್ ಮಾಸ್ತರರು ನೀವೊಬ್ಬರೇ ಪಪ್ಪಾ ಎಂದು ಕಾಡುತ್ತಿದ್ದಳು.

ಔರಾದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ, ಚುರುಮುರಿ ಸುಸಲಾ ಮತ್ತು ಮಿರ್ಚಿಯ ತಟ್ಟೆಗಳ ನಡುವೆ, ಮಾಸ್ತರರು ಕೇಳಿಯೇಬಿಟ್ಟರು. ಮದುವೆಯಾಗೋಣವೇ ಎಂದು, ನೇರವಾಗಿ, ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ.

ಪೂನಮ ಟೀಚರ್ ಕೈಯಲ್ಲಿದ್ದ ಚಮಚ ತಟ್ಟೆಗಿಟ್ಟರು. ತಮ್ಮದೊಂದು ಹಳೆಯ ಕಥೆ ಹೇಳಿದರು. ಅವರಿಗೆ ಸಂಬಂಧಗಳು ಬರದೇ ಇದ್ದದ್ದಲ್ಲ. ಬಂದವರು ಅಪ್ಪನನ್ನು ಕೇಳುತ್ತಿದ್ದರು, ಅಪ್ಪ ಹೋದ ಮೇಲೆ ಅಣ್ಣನನ್ನು, ಆಮೇಲೆ ತಾಯಿಯನ್ನು. ಒಮ್ಮೆ ರಾಜ್ಯದ ಗಡಿಯಾಚೆಯ ಊರಿನಿಂದ ಬಂದವರು ಪೋಹೆ ತಿಂದು, ಅಣ್ಣನ ಜೊತೆ ಕೂತು ಮದುವೆಯ ದಿನವನ್ನೇ ಗೊತ್ತು ಮಾಡಿಬಿಟ್ಟಿದ್ದರು. ಹುಡುಗಿ ಆಗ ಒಳಗೆ ಚಹಾ ಸೋಸುತ್ತಿದ್ದಳು. ಚಹಾದ ತಾಟು ತಂದು ಎಲ್ಲರ ನಡುವೆ ಇಟ್ಟು, ನಾ ಒಲ್ಲೆ ಎಂದು ಹೇಳಿ ಒಳಗೆ ಹೋಗಿದ್ದಳು. ಹುಡುಗ ಕೆಟ್ಟವನೇನಲ್ಲ ಎಂದು ಟೀಚರ್ ಈಗಲೂ ಅನ್ನುತ್ತಾರೆ. ಕೇಳಿದ್ದರೆ ಹೂಂ ಅನ್ನುತ್ತಿದ್ದರೋ ಏನೋ.

“ನನಗ ಕೇಳಿದವರು ನೀವೇ ಮೊದಲಿನವರು,” ಅಂದರು. “ಅದಕ್ಕ ನಾ ಸಾವಕಾಶ ವಿಚಾರ ಮಾಡ್ತೇನ್ರಿ. ಅವಸರ ಮಾಡಬ್ಯಾಡ್ರಿ. ರವಿವಾರ ಹೇಳ್ತೇನಿ.”

ಇಷ್ಟು ಸ್ಪಷ್ಟವಾದ ಮಾತು. ಸಣ್ಣ ಮಗುವಿಗೂ ತಿಳಿಯಬೇಕು. ಆದರೆ ಔರಾದಿನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮಾಸ್ತರರ ತಲೆಯೊಳಗೆ ಆ ಮಾತು ಬೇಯತೊಡಗಿತು. ಒಲ್ಲೆ ಅನ್ನುವವರಾಗಿದ್ದರೆ ಆಗಲೇ ಅನ್ನುತ್ತಿದ್ದರು. ತಾಟು ಇಟ್ಟು ಒಲ್ಲೆ ಅಂದ ಹೆಣ್ಣುಮಗಳು ಇವರು, ಮಿರ್ಚಿಯ ತಟ್ಟೆ ಇಟ್ಟುಕೊಂಡು ಯಾಕೆ ಅನ್ನಲಿಲ್ಲ? ರವಿವಾರ ಅಂದದ್ದು ಬರೀ ಮರ್ಯಾದೆಗೆ. ಬೀದರ ಬರುವ ಹೊತ್ತಿಗೆ ಮದುವೆ ಗಟ್ಟಿಯಾಗಿತ್ತು, ತಮ್ಮವರ ಪದ್ಧತಿಯಂತೆ ಬುದ್ಧವಿಹಾರದಲ್ಲಿ ಇಬ್ಬರೂ ಬಿಳಿ ಬಟ್ಟೆ ಉಟ್ಟು ನಿಂತದ್ದೂ ಆಗಿತ್ತು. ಎಲ್ಲವೂ ಅವರ ತಲೆಯಲ್ಲಿ.

ಅವರು ನೇರ ಹೋಗಿದ್ದು ವಸೀಮನ ಅಂಗಡಿಗೆ. ವಸೀಮ ಬಾಲ್ಯದ ಗೆಳೆಯ, ಬೀದರಿನ ಹಳೇ ಊರಿನಲ್ಲಿ ಫ್ಲೆಕ್ಸ್ ಬ್ಯಾನರ್ ಮುದ್ರಿಸುವವನು. ನಮ್ಮ ಕಡೆ ಬ್ಯಾನರ್ ಇಲ್ಲದೆ ಯಾವ ಶುಭವೂ ಶುಭವಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಹುಟ್ಟಿದರೆ ಬ್ಯಾನರ್, ಹಜ್‌ಗೆ ಹೊರಟರೆ ಬ್ಯಾನರ್, ಪಾಸಾದರೆ, ಬಡ್ತಿ ಸಿಕ್ಕರೆ, ಸೊಸೈಟಿಯ ಚುನಾವಣೆಯಲ್ಲಿ ನಿಂತರೆ ಬ್ಯಾನರ್. ಮೇಲೆ ಸಂಬಂಧಪಟ್ಟವರ ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಾಲು ಸಾಲು ಸಣ್ಣ ಮುಖ. ಸುದ್ದಿ ಕಿವಿಗೆ ಬಿದ್ದದ್ದೇ ಭಾಲ್ಕಿಯ ಮಾಸ್ತರರು ತಮ್ಮ ತಮ್ಮ ಫೋಟೋ ಕಳಿಸಲು ತಾ ಮುಂದು ನಾ ಮುಂದು ಎಂದರು. ಟೀಚರ್ ಫೋಟೋ ಇರಲಿಲ್ಲ. ಶಿಬಿರದ ಗುಂಪಿನ ಫೋಟೋದಿಂದ ಕತ್ತರಿಸಿದರು. ಅದರಲ್ಲಿ ಅವರು ಯಾರನ್ನೋ ತಿದ್ದುತ್ತಿದ್ದರು, ಬಾಯಿ ಅರ್ಧ ತೆರೆದಿತ್ತು.

ವಸೀಮ ವ್ಯಾಪಾರಸ್ಥನಾದರೂ ಒಳ್ಳೆಯವನು. ಹುಡುಗಿಯ ಕಡೆಯಿಂದ ಹೂಂ ಬಂದಿದೆಯಾ ಎಂದು ಎರಡೆರಡು ಸಲ ಕೇಳಿದ. ಬಂದ ಹಾಗೆಯೇ ಎಂದು ಮಾಸ್ತರರು ಹೇಳಿದರು. ಆದರೂ ಅವರೇನು ಪೂರಾ ಬುದ್ಧಿಗೇಡಿಯಲ್ಲ ನೋಡಿ, ಒಂದು ಮುಂಜಾಗ್ರತೆ ಮಾಡಿದರು. ವಸೀಮನ ಬ್ಯಾನರ್ ಗಾಡಿ ಶುಕ್ರವಾರ ಔರಾದಿಗೆ ಹೋಗುವುದಿತ್ತು. ಅದರಲ್ಲಿಯೇ ಇದೂ ಹೋಗಲಿ, ಟೀಚರ್ ಶಾಲೆಯ ರಸ್ತೆಯಲ್ಲಿ ಎರಡು ಕಂಬಕ್ಕೆ ಎತ್ತರದಲ್ಲಿ ಕಟ್ಟಲಿ, ಆದರೆ ಚಾಪೆಯಂತೆ ಸುತ್ತಿ ದಾರದಿಂದ ಬಿಗಿದು ಇಡಲಿ. ರವಿವಾರ ಹೂಂ ಬಂದ ಕೂಡಲೇ ತಾವೇ ಹೋಗಿ ದಾರ ಎಳೆದರೆ ಬಿಚ್ಚಿಕೊಳ್ಳಬೇಕು. ಸಚಿವರು ಪರದೆ ಎಳೆಯುವುದಿಲ್ಲವೇ, ಹಾಗೆ. ಇದನ್ನು ಹೇಳುವಾಗ ಅವರಿಗೆ ತಮ್ಮ ಬುದ್ಧಿಗೆ ತಾವೇ ಶಭಾಷ್ ಅನ್ನಬೇಕೆನಿಸಿತ್ತು. ರವಿವಾರದ ತನಕ ಬ್ಯಾನರ್ ಸುತ್ತಿಯೇ ಇರುತ್ತದಲ್ಲ, ತಪ್ಪೇನು?

ಶನಿವಾರ ಬೆಳಗಿನ ಶಾಲೆ. ಮಕ್ಕಳು ಗುಂಪುಗುಂಪಾಗಿ ಬರುತ್ತಿದ್ದ ಹೊತ್ತಿಗೆ ಒಂದು ಗಾಳಿ ಬೀಸಿತು. ಅಂಥ ದೊಡ್ಡ ಗಾಳಿಯೂ ಅಲ್ಲವಂತೆ. ದಾರ ಜಾರಿತು, ಬ್ಯಾನರ್ ಬಡಬಡನೆ ಬಿಚ್ಚಿಕೊಂಡು ರಸ್ತೆಗೆ ಅಡ್ಡ ನಿಂತಿತು. ನವಜೀವನಕ್ಕೆ ಕಾಲಿಡುತ್ತಿರುವ ಶ್ರೀ ಉತ್ತಮ ಮಾಸ್ತರ ಹಾಗೂ ಕುಮಾರಿ ಪೂನಮ ಟೀಚರ್ ಅವರಿಗೆ ಹಾರ್ದಿಕ ಶುಭಾಶಯಗಳು ಎಂದು ಮಕ್ಕಳು ಪ್ರಾರ್ಥನೆಯ ಹಾಗೆ ಒಕ್ಕೊರಲಿನಿಂದ ಓದತೊಡಗಿದರು. ಅದೇ ರಸ್ತೆಯಲ್ಲಿ, ಚೀಲ ಹೆಗಲಿಗೆ ಹಾಕಿಕೊಂಡು, ಪೂನಮ ಟೀಚರ್ ಬಂದರು. ನಿಂತು ಮೇಲೆ ನೋಡಿದರು. ತಮ್ಮದೇ ಅರ್ಧ ತೆರೆದ ಬಾಯಿ. ಪೂರ್ತಿ ಓದಿದರು, ಕೆಳಗಿನ ಸಣ್ಣ ಮುಖಗಳನ್ನೂ ನೋಡಿದರು. ಆಮೇಲೆ ಶಾಲೆಗೆ ಹೋಗಿ ಪಾಠ ಮಾಡಿದರು. ಒಂದು ಮಗುವಿಗೂ ಬೈಯಲಿಲ್ಲವಂತೆ. ಅದನ್ನು ಕೇಳಿಯೇ ಮಾಸ್ತರರಿಗೆ ಎದೆ ಕುಸಿದದ್ದು.

ಫೋನ್ ಮಾಡಿದವರು ಕೇಶರಬಾಯಿ. ಹೆಚ್ಚು ಮಾತಾಡುವ ಹೆಂಗಸಲ್ಲ. “ನೀವರೆ ಬ್ಯಾರೆ ಇದ್ದೀರಿ ಅಂತ ತಿಳಕೊಂಡಿದ್ಳು ನನ್ನ ಮಗಳು,” ಎಂದು ಹೇಳಿ ಇಟ್ಟುಬಿಟ್ಟರು.

ಅಷ್ಟು ಸಾಕಾಗಿತ್ತು. ಗಡಿಯಾಚೆಯವರು ಅಣ್ಣನ ಜೊತೆ ಕೂತು ದಿನ ಗೊತ್ತು ಮಾಡಿದ್ದರು. ತಾವು ಊರಿಗೆ ಊರನ್ನೇ ಕೂರಿಸಿಕೊಂಡು ಅದನ್ನೇ ಮಾಡಿದ್ದರು. ಅವರಾದರೂ ಅಡುಗೆಮನೆಯಲ್ಲಿದ್ದ ಹುಡುಗಿಯ ಕಥೆ ಕೇಳಿರಲಿಲ್ಲ, ತಾವು ಕೇಳಿಯೂ ಮಾಡಿದ್ದರು. ಮಾಸ್ತರರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ಒಂಟಿಯಾಗಿ ಇದ್ದವರಿಗೆ ಇನ್ನು ಮುಂದೆ ಹಾಗೆ ಇರುವುದು ಆಗದ ಮಾತು ಎಂದು ಆಗಲೇ ತಿಳಿದದ್ದು.

ತಿಳಿದ ಕೂಡಲೇ ಏನು ಮಾಡಿದರು? ಔರಾದಿಗೆ ಓಡಿ ಹೋಗಿ ಕಾಲು ಹಿಡಿಯುತ್ತೇನೆ ಎಂದು ಬೈಕಿನ ಕೀಲಿ ತೆಗೆದುಕೊಂಡರು. ವಿಶಾಖಾ ಬಾಗಿಲಿಗೆ ಅಡ್ಡ ನಿಂತಳು. ಶಾಲೆ ಬಿಡುವ ಹೊತ್ತು, ಇಡೀ ಔರಾದು ರಸ್ತೆಯ ಮೇಲೆ ಇದೆ, ಇನ್ನೊಂದು ಆಟ ತೋರಿಸಲು ಹೊರಟಿರಾ ಎಂದು ಕೇಳಿದಳು. ಕೀಲಿ ಕಸಿದು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡಳು. ಬ್ಯಾನರನ್ನು ಅಷ್ಟರಲ್ಲಿ ವಸೀಮ ತಾನೇ ಹೋಗಿ ಬಿಚ್ಚಿಸಿ ತಂದಿದ್ದ. ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಅಂಗಡಿಯ ಹಿಂದೆ ಮುಖ ಕೆಳಗೆ ಮಾಡಿ ಹಾಸಿದನಂತೆ.

ರವಿವಾರ ಹೂಂ ಬರಲಿಲ್ಲ, ಒಲ್ಲೆಯೂ ಬರಲಿಲ್ಲ. ಸಂಜೆಯ ಮುಂದೆ ಮೊಬೈಲಿಗೆ ಟೀಚರ್ ಅವರದು ಒಂದೇ ಸಾಲು ಬಂತು. ನಿಮ್ಮದೊಂದು ವಾಕ್ಯ ಬಾಕಿ ಇದೆ, ಬರೆದು ಕಳಿಸಿ ಎಂದು.

ಮಾಸ್ತರರು ಹಾಳೆ ಹಿಡಿದು ಕೂತರು. ಎದುರಿಗೆ ವಿಶಾಖಾ ತೊಗರಿಕಾಯಿ ಸುಲಿಯುತ್ತಿದ್ದಳು. ಮೊದಲು ಬರೆದದ್ದು, ಗಾಳಿ ಜಂಪ್ ದ ಗನ್ ಮಾಡಿತು ಎಂದು. ವಿಶಾಖಾ ಓದಿ, ಗಾಳಿಗೆ ಕಾಯಲು ಯಾರು ಹೇಳಿದ್ದರು ಎಂದು ಕೇಳಿದಳು. ಅದನ್ನು ಹೊಡೆದುಹಾಕಿ ವಸೀಮನ ಹೆಸರು ಬರೆದರು. ಚಾಚಾ ನೀವು ಹೇಳಿದ್ದನ್ನಷ್ಟೇ ಮಾಡಿದರು ಅಂದಳು. ಮೂರನೆಯದರಲ್ಲಿ ಬೀದರ ಜಿಲ್ಲೆಯ ಜನರ ಉತ್ಸಾಹದ ಬಗ್ಗೆ ಏನೋ ಇತ್ತು. ಅದನ್ನು ಮಗಳಿಗೆ ತೋರಿಸುವ ಧೈರ್ಯವಾಗದೆ ತಾವೇ ಹರಿದರು. ಇಂಗ್ಲಿಷ್ ತಪ್ಪಿರಲಿಲ್ಲ. ಮೂರೂ ವಾಕ್ಯಗಳಲ್ಲಿ ಓಡಿದವನೇ ಬೇರೆ ಯಾರೋ ಆಗಿದ್ದ. ಗೆರೆಗೆ ವಾಪಸ್ ಕರೆದಾಗ ನಾನಲ್ಲ ಸರ್, ಅವನು ಎಂದು ಪಕ್ಕದವನ ಕಡೆ ಬೆರಳು ತೋರಿಸುವ ಹುಡುಗರು ಅವರಿಗೆ ನೆನಪಾದರು. ಅಂಥವರಿಗೆ ಅವರು ಎಂದೂ ಎರಡನೇ ಅವಕಾಶ ಕೊಟ್ಟವರಲ್ಲ.

ಬರೆಯುವಾಗ ಆ ಇಬ್ಬರೂ ನೆನಪಿರಬೇಕು ಎಂದು ಟೀಚರ್ ಹೇಳಿದ್ದರು. ಮೊದಲೇ ಓಡಿದವರು ಒಬ್ಬರು, ಸಿಗ್ನಲ್ ಕೊಡಬೇಕಾದವರು ಒಬ್ಬರು. ಮಾಸ್ತರರು ಹೊಸ ಹಾಳೆಯ ಮೇಲೆ, ಒಂದೊಂದೇ ಅಕ್ಷರ ನೋಡಿಕೊಂಡು ಬರೆದರು. ಐ ಜಂಪ್ಡ್ ದ ಗನ್, ಯು ಹ್ಯಾಡ್ ನಾಟ್ ಸ್ಪೋಕನ್ ಯೆಟ್. ಮೊದಲೇ ಓಡಿದವನು ನಾನು, ನೀವು ಇನ್ನೂ ಮಾತಾಡಿರಲಿಲ್ಲ. ಅಷ್ಟೇ. ಕೆಳಗೆ ಕ್ಷಮಿಸಿ ಎಂದು ಸೇರಿಸೋಣವೆಂದುಕೊಂಡವರು, ಸೇರಿಸಿದರೆ ಅದಕ್ಕೂ ಉತ್ತರ ಕೇಳಿದ ಹಾಗಾಗುತ್ತದೆ ಎಂದು ಬಿಟ್ಟರು. ವಿಶಾಖಾ ಓದಿ, ಅಪ್ಪನ ಕೈಗೆ ಒಂದು ಹಿಡಿ ಸುಲಿದ ತೊಗರಿ ಕೊಟ್ಟಳು. ಫೋಟೋ ತೆಗೆದು ಕಳಿಸಿದರು. ಮಾರನೇ ದಿನ ಉತ್ತರ ಬಂತು. ವಾಕ್ಯ ಸರಿ ಇದೆ ಎಂದು ಮಾತ್ರ.

ಇನ್ನು ಶುರುವಾಯಿತು ನೋಡಿ ಮಾಸ್ತರರ ಹೊಸ ಅವತಾರ. ಕಾಯುವುದನ್ನು ಕಲಿಯುತ್ತೇನೆ ಎಂದು ಹಟ ಹಿಡಿದವರು ಅದನ್ನೂ ಅತಿಗೆ ಒಯ್ದರು. ಬಸ್ಸು ಬಂದು ನಿಂತರೂ ಕಂಡಕ್ಟರ್ ಕರೆಯುವ ತನಕ ಹತ್ತಲಿಲ್ಲ, ಒಂದೆರಡು ಸಲ ಬಸ್ಸು ಬಿಟ್ಟೂ ಹೋಯಿತು. ಮೈಗೆ ಹುಷಾರಿಲ್ಲವೇನು ಎಂದು ಕಂಡಕ್ಟರ್ ಮರುದಿನ ವಿಚಾರಿಸಿದ. ಜನವಾಡದ ಒಂದು ಮದುವೆಯಲ್ಲಿ ಕಡೆಯ ಪಂಕ್ತಿಗೆ ಕೂತು ಬರೀ ಅನ್ನ, ತಿಳಿಸಾರು ಉಂಡು ಬಂದರು. ವಿಶಾಖಾಳ ಎರಡನೇ ವರ್ಷದ ಫಲಿತಾಂಶ ಬಂದಾಗ ಅಂಕಪಟ್ಟಿ ಕಣ್ಣಾರೆ ನೋಡಿದ ಮೇಲೆಯೇ ಪೇಡೆ ತಂದರು. ಓಣಿಯವರು, ಇದು ಯಾವುದರ ಪೇಡೆ, ಈ ವರ್ಷದ್ದೋ ಮುಂದಿನ ವರ್ಷದ್ದೋ ಎಂದು ಕೇಳಿ ತಿಂದರು. ಔರಾದಿಗೆ ಮಾತ್ರ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಪ್ರತಿ ರವಿವಾರ ಮೊಬೈಲು ಚಾರ್ಜ್ ಮಾಡಿ ಎದುರಿಗೆ ಇಟ್ಟುಕೊಂಡು ಕೂರುವುದನ್ನು ನೋಡಿದರೆ ಪಾಪ ಅನಿಸುತ್ತಿತ್ತು.

ಹೀಗಿರುವಾಗ ಬೀದರಿನಲ್ಲಿ ಶಿಕ್ಷಕರ ಕ್ರೀಡಾಕೂಟ ಬಂತು. ಎಂದಿನಂತೆ ಕ್ಲಾಪರ್ ಉತ್ತಮ ಮಾಸ್ತರರ ಕೈಯಲ್ಲಿ. ಔರಾದಿನ ತಂಡದ ಜೊತೆ ಪೂನಮ ಟೀಚರ್ ಕೂಡ ಬಂದಿದ್ದರು, ಬಿಸಿಲಿಗೆ ಸೆರಗು ತಲೆಯ ಮೇಲೆ ಹೊದ್ದು ಮೈದಾನದ ಆಚೆ ಬದಿ ಕೂತಿದ್ದರು. ಮಾಸ್ತರರು ಒಂದು ಸಲ ನೋಡಿ, ಮತ್ತೆ ಆ ಕಡೆ ನೋಡದೆ ಇರಲು ಶಕ್ತಿ ಮೀರಿ ಪ್ರಯತ್ನ ಮಾಡಿದರು. ವಯಸ್ಸಾದ ಮಾಸ್ತರರ ನೂರು ಮೀಟರ್ ಓಟದ ಹೊತ್ತಿಗೆ ಭಾಲ್ಕಿಯ ಕಡೆ ಒಬ್ಬರು ಕಮ್ಮಿ ಬಿದ್ದರು. ನೀವೇ ಓಡಿ ಎಂದು ಎಲ್ಲರೂ ಇವರನ್ನು ದೂಡಿದರು. ಅಂದಿನ ಮುಖ್ಯ ತೀರ್ಪುಗಾರರು ಗೋರಖನಾಥ ಅವರು, ಗಂಜಿ ಕುಡಿದು ಗಟ್ಟಿಮುಟ್ಟಾದವರು. ಉತ್ತಮ ಓಡಿದರೆ ಕ್ಲಾಪರ್ ಬಡಿಯುವವರು ಯಾರು ಎಂದು ಅವರು ಮೈಕಿನಲ್ಲಿಯೇ ಕೇಳಿದರು.

ಆಚೆ ಬದಿಯಿಂದ ಪೂನಮ ಟೀಚರ್ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಡೀ ಮೈದಾನ ದಾಟಿ ನಡೆದು ಬಂದು ಕೈ ಚಾಚಿದರು. ಮಾಸ್ತರರು ಕ್ಲಾಪರ್ ಕೊಟ್ಟು, ಹೋಗಿ ಗೆರೆಯ ಮೇಲೆ ನಿಂತರು. ಬ್ಯಾನರಿನ ಕಥೆ ಗೊತ್ತಿಲ್ಲದ ಶಿಕ್ಷಕರು ಆ ಮೈದಾನದಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಗದ್ದಲ ತಾನಾಗಿಯೇ ನಿಂತಿತು.

ಟೀಚರ್ ಆನ್ ಯುವರ್ ಮಾರ್ಕ್ಸ್ ಅಂದರು. ಸೆಟ್ ಅಂದರು. ಆಮೇಲೆ ಕಾದರು. ಎಷ್ಟು ಕಾದರೆಂದರೆ, ಚಿರತೆಯ ವಾಕ್ಯ ಬರೆದಿದ್ದ ಗಣಿತದ ಮಾಸ್ತರರು ತಡೆಯಲಾರದೆ ಓಡಿಬಿಟ್ಟರು, ಅವರ ಹಿಂದೆ ಇನ್ನಿಬ್ಬರು. ಎಲ್ಲರನ್ನೂ ವಾಪಸ್ ಕರೆದು ನಿಲ್ಲಿಸಿದರು. ಉತ್ತಮ ಮಾಸ್ತರರು ಇದ್ದಲ್ಲಿಯೇ ಇದ್ದರು, ಬೆರಳು ನೆಲ ಬಿಟ್ಟಿರಲಿಲ್ಲ. ಮತ್ತೆ ಸೆಟ್. ಮತ್ತೆ ಮೌನ. ಟಪ್.

ಎಲ್ಲರೂ ಓಡಿದರು. ಉತ್ತಮ ಮಾಸ್ತರರು ಓಡಲಿಲ್ಲ.

ಟಪ್ ಅವರಿಗೆ ಕೇಳಿಸಿತ್ತು. ಆದರೆ ಎಷ್ಟು ಸಲ ಅದು ತಲೆಯೊಳಗೇ ಕೇಳಿಸಿ ಮೋಸ ಮಾಡಿರಲಿಲ್ಲ? ಮಂಡಿ ಬಗ್ಗಿಸಿಕೊಂಡು ಹಾಗೆಯೇ ಕೂತು, ಟೀಚರ್ ಕಡೆ ಮುಖ ಎತ್ತಿ ನೋಡಿದರು. ಭಾಲ್ಕಿಯವರು ಆಚೆಯಿಂದ ಕಿರುಚುತ್ತಿದ್ದರು. ಪೂನಮ ಟೀಚರ್ ಅವರ ಹತ್ತಿರ ಬಂದು ಬಗ್ಗಿದರು.

“ರವಿವಾರ ಹೇಳ್ತೇನಿ ಅಂದಿದ್ದೆ. ನೀವು ಕಾಯ್ತೀರೇನ್ ನೋಡಬೇಕಿತ್ತು, ಅದಕ್ಕ ತಡಾ ಆತು. ಈಗ ಹೇಳ್ತೇನ್ರಿ, ಹೂಂ. ನನಗ ಒಪ್ಪಿಗಿ ಅದ.” ಇಷ್ಟು ಅಂದು ಎದ್ದು ನಿಂತರು. “ಕ್ಲಾಪರೂ ಬಡದೀನಿ. ಇನ್ನರೆ ಓಡ್ರಿ ಮಾಸ್ತರ.”

ಮಾಸ್ತರರು ಓಡಿದರು. ಅಷ್ಟೊತ್ತಿಗೆ ಉಳಿದವರು ಗುರಿ ಮುಟ್ಟಿ ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದರು. ನೂರು ಮೀಟರನ್ನೂ ಒಬ್ಬರೇ, ಇಡೀ ಜಿಲ್ಲೆಯ ಶಿಕ್ಷಕರ ನಗುವಿನ ನಡುವೆ, ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯದ ಮುಖದಲ್ಲಿ ಓಡಿದರು. ಅವರ ಜೀವನದಲ್ಲಿ ಎಲ್ಲರಿಗಿಂತ ಕೊನೆಗೆ ಮುಟ್ಟಿದ್ದು ಅದೇ ಮೊದಲು. ಗೋರಖನಾಥ ಮೈಕಿನಲ್ಲಿ ಕೊನೆಯ ಸ್ಥಾನವನ್ನೂ ಹೆಸರು ಹಿಡಿದು ಸಾರಿದರು.

ಕ್ರೀಡಾಕೂಟದ ಬ್ಯಾನರ್ ಕಟ್ಟಲು ಬಂದಿದ್ದ ವಸೀಮ ಗುರಿಯ ಹತ್ತಿರವೇ ನಿಂತಿದ್ದ. ಎಲ್ಲವನ್ನೂ ನೋಡಿದ್ದ. ಏದುಸಿರು ಬಿಡುತ್ತಿದ್ದ ಗೆಳೆಯನ ಬೆನ್ನು ಸವರಿ, ಕಿವಿಯ ಹತ್ತಿರ ಬಾಯಿ ತಂದು, ಬ್ಯಾನರ್ ಮಾಡಲೇ ಎಂದು ಕೇಳಿದ. ಹೊಸದು, ದೊಡ್ಡದು, ನಾಳೆಯೇ ಔರಾದಿಗೆ ಗಾಡಿ ಹೋಗುತ್ತದೆ.

ಮಾಸ್ತರರು ಮೈದಾನದ ಆ ತುದಿಯ ಕಡೆ ನೋಡಿದರು. ಅಲ್ಲಿ ಪೂನಮ ಟೀಚರ್ ಮುಂದಿನ ಓಟದವರನ್ನು ಗೆರೆಯ ಮೇಲೆ ನಿಲ್ಲಿಸುತ್ತಿದ್ದರು, ಯಾರದೋ ಕಾಲನ್ನು ಹಿಂದಕ್ಕೆ ಸರಿಸುತ್ತಿದ್ದರು.

“ನನಗ ಕೇಳಬ್ಯಾಡೋ ವಸೀಮ,” ಅಂದರು. “ಕ್ಲಾಪರ್ ಅವರ ಕೈಯಾಗ ಅದ.”